ಬಾಲರಾಜು ಮೊದಲೇ ಒಪ್ಪಿಕೊಂಡದ್ದು

ಅಕ್ಕೂರಿನ ಬಾಲರಾಜುವಿಗೆ ರೇಷ್ಮೆಹುಳದ ಮನಸ್ಸು ಅರ್ಥವಾಗುತ್ತದೆ ಎಂದು ಊರಲ್ಲೆಲ್ಲ ಹೆಸರು. ಹುಳ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತರೆ ಅದಕ್ಕೆ ಜ್ವರ ಅನ್ನುತ್ತಾರೆ. ನಿಜವಾದ ಜ್ವರವಲ್ಲ, ಪೊರೆ ಕಳಚುವ ಹೊತ್ತು. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಹುಳಮನೆಯ ಬಾಗಿಲನ್ನು ದಡಾರನೆ ಎಳೆಯಬಾರದು. ಇಷ್ಟೆಲ್ಲ ಬಲ್ಲ ಮನುಷ್ಯ, ತನ್ನ ಒಬ್ಬಳೇ ಮಗಳು ಊಟ ಬಿಟ್ಟು ಗೋಡೆ ನೋಡುತ್ತಾ ಕೂತಾಗ ಏನು ಮಾಡಿದ ಅನ್ನುವುದೇ ಈ ಕಥೆ. ಮಾಡಬಾರದ್ದನ್ನೆಲ್ಲ ಮಾಡಿದ, ಇನ್ನೇನು.

ಮಗಳು ಧನುಶ್ರೀ ಚನ್ನಪಟ್ಟಣದ ಕಾಲೇಜಿನಲ್ಲಿ ಕೊನೇ ವರ್ಷದ ಬಿ.ಕಾಂ. ಚಿಕ್ಕಂದಿನಿಂದ ಅವಳಿಗೊಂದು ಅಭ್ಯಾಸ. ಸಾಯಂಕಾಲ ಬಸ್ಸಿಳಿದವಳೇ ಹುಳಮನೆಯ ಹೊಸ್ತಿಲಲ್ಲಿ ಕೂತು, ಅಪ್ಪ ಸೊಪ್ಪು ಹಾಕಿ ಮುಗಿಸುವ ತನಕ ವಟವಟ ಅನ್ನಬೇಕು. ಯಾವ ಮೇಷ್ಟ್ರು ಪಾಠ ಮಾಡುತ್ತಾ ತಾವೇ ಆಕಳಿಸಿದರು, ಬಸ್ಸಿನಲ್ಲಿ ಯಾರು ಯಾರ ಕಾಲು ತುಳಿದು ಜಗಳವಾಯಿತು, ಎಲ್ಲ ವರದಿಯೂ ಅಲ್ಲಿ ಒಪ್ಪಿಸಬೇಕು. ಬಾಲರಾಜುವಿಗೆ ದಿನದಲ್ಲಿ ಅದಕ್ಕಿಂತ ಸುಖದ ಹೊತ್ತು ಇನ್ನೊಂದಿರಲಿಲ್ಲ. ಈಚೆಗೆ ಆ ಮಾತು ನಿಂತುಹೋಗಿತ್ತು. ಕೇಳಿದ್ದಕ್ಕೆಲ್ಲ ‘ಹೂಂ’, ‘ಊಹೂಂ’. ಬಂದವಳು ಸೀದಾ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಬಾಲರಾಜು ಅದನ್ನೂ ಸಹಿಸಿಕೊಂಡ. ಆದರೆ ಒಂದು ದಿನ ಬಾಗಿಲ ಸಂದಿಯಲ್ಲಿ ಇಣುಕಿದರೆ ಹುಡುಗಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಾಳೆ! ತೊಡೆಯ ಮೇಲೆ ಹಳದಿ ರಟ್ಟಿನ ಒಂದು ಪುಸ್ತಕ.

“ಅಳ್ತಾವ್ಳೆ ಕಣೇ!” ಎಂದು ಅಡುಗೆಮನೆಗೆ ಓಡಿಬಂದು ಹೆಂಡತಿ ಅಂಬುಜಮ್ಮನಿಗೆ ಹೇಳಿದ.

“ಓದ್ತಾವ್ಳೆ ಬುಡಿ,” ಎಂದಳು ಅಂಬುಜಮ್ಮ, ಮುದ್ದೆ ತಿರುವುವುದನ್ನು ನಿಲ್ಲಿಸದೆ.

“ಓದ್ತಾ ಅಳಾದು ಪರೀಕ್ಷೆ ಹಿಂದಿನ್ ದಿನ ಬುಟ್ರೆ ನಾನೆಲ್ಲೂ ಕಂಡಿಲ್ಲ.”

“ಹುಳ ಜ್ವರಕ್ಕೆ ಕೂತ್ರೆ ಪಕ್ಕದ ಮನೇರು ಕೆಮ್ಮಿದ್ರೂ ಬಯ್ತೀರಿ. ಮಗ್ಳು ಒಸಿ ಸುಮ್ಕೆ ಕೂತ್ರೆ ಯಾಕಂಗೆ ಕೆದಕ್ತೀರಿ? ಹೋಗಿ, ಸೊಪ್ಪು ಬಾಡ್ತಾ ಐತೆ.”

ಬಂಗಾರದಂಥ ಮಾತು. ಬಾಲರಾಜು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಮಗಳು ಕಾಲೇಜಿಗೆ ಹೊರಟದ್ದೇ ತಡ, ಹಳದಿ ರಟ್ಟಿನ ಪುಸ್ತಕ ಹುಳಮನೆ ಸೇರಿತು. ರಟ್ಟಿನ ಮೇಲೆ ‘ಹರೆಯದವರ ನಿಜ ಬದುಕಿನ ಸಮಸ್ಯೆಗಳ ಕಾದಂಬರಿ’ ಎಂದು ಬರೆದಿತ್ತು. ಒಳಗೆ ಚನ್ನಪಟ್ಟಣದ ಲೈಬ್ರರಿಯ ಮುದ್ರೆ. ನಿಜ ಬದುಕು ಎಂದು ಅಚ್ಚಾದ ಮೇಲೆ ಸುಳ್ಳಿರುವುದಕ್ಕೆ ಸಾಧ್ಯವೇ? ಮಗಳ ಸಮಸ್ಯೆ ಏನೆಂದು ಇದರಲ್ಲೇ ಸಿಗುತ್ತದೆ ಎಂದು ಬಾಲರಾಜು ಕನ್ನಡಕ ಏರಿಸಿದ.

ಕಥೆಯ ನಾಯಕಿ ಚೈತ್ರಾ. ಮೊದಲ ಅಧ್ಯಾಯದಲ್ಲಿ ಅವಳಿಗೆ ಮೊಡವೆ. ಎರಡರಲ್ಲಿ ಜೀವದ ಗೆಳತಿ ಮಾತು ಬಿಟ್ಟಳು. ಮೂರರಲ್ಲಿ ಪ್ರೀತಿ. ಅಲ್ಲಿಂದಾಚೆಗೆ ಪರೀಕ್ಷೆಯಲ್ಲಿ ಫೇಲು, ತಾಯಿಗೆ ಕಾಯಿಲೆ, ಪ್ರೀತಿಸಿದ ಹುಡುಗನಿಗೂ ಒಂದು ಕಾಯಿಲೆ, ಸಾಕಿದ ನಾಯಿ ನಾಪತ್ತೆ. ಒಂದೇ ಮನೆಗೆ ಇಷ್ಟು ಕಷ್ಟ ಬರಬೇಕಾದರೆ ಬಾಗಿಲು ಇಟ್ಟ ದಿಕ್ಕು ಸರಿಯಿಲ್ಲ ಎಂದು ಬಾಲರಾಜುವಿಗೆ ಅನಿಸಿತು. ಅವನನ್ನು ಕೆರಳಿಸಿದ್ದು ಮಾತ್ರ ಚೈತ್ರಾಳ ಅಪ್ಪ. ಕುಡಿಯುವುದು, ಕೂಗುವುದು, ಅರ್ಥ ಮಾಡಿಕೊಳ್ಳದೆ ಇರುವುದು, ಇಷ್ಟು ಬಿಟ್ಟರೆ ಆ ಮನುಷ್ಯನಿಗೆ ಪುಸ್ತಕದ ತುಂಬ ಬೇರೆ ಕೆಲಸವೇ ಇರಲಿಲ್ಲ. ‘ಇವನೇನು ಅಪ್ಪನೋ ಗುಳ್ಳೆನರಿಯೋ’ ಎಂದು ಬಾಲರಾಜು ಹಲ್ಲು ಕಡಿದ. ಹಲ್ಲು ಕಡಿಯುತ್ತಾ ಕಡಿಯುತ್ತಾ ಅಳುವುದಕ್ಕೂ ಶುರುಮಾಡಿದ. ಏನೋ ಕೇಳಲು ಬಂದ ಅಂಬುಜಮ್ಮ, ಹುಳದ ತಟ್ಟೆಗೆ ಉದುರಿಸುವ ಸುಣ್ಣದ ಧೂಳು ಕಣ್ಣಿಗೆ ಬಿದ್ದಿರಬೇಕೆಂದು ಒಂದು ಚೊಂಬು ನೀರು ತಂದು ಮುಖಕ್ಕೆ ಎರಚಿ ಹೋದಳು.

ಕಾದಂಬರಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಳು. ಅವಳು ಚೈತ್ರಾಳ ಅಪ್ಪನಿಗೆ ಒಂದು ಬುದ್ಧಿ ಹೇಳುತ್ತಾಳೆ: ‘ಮಕ್ಕಳ ಪ್ರೀತಿಯನ್ನು ಮೊದಲು ಒಪ್ಪಿಕೊಳ್ಳಿ. ಪ್ರಶ್ನೆ ಆಮೇಲೆ ಕೇಳಿ.’ ಆ ಮಂಗ ಒಪ್ಪಲಿಲ್ಲ. ಚೈತ್ರಾ ಬ್ಯಾಗು ತುಂಬಿಕೊಂಡು ರೈಲ್ವೇ ಸ್ಟೇಷನ್ನಿಗೆ ಹೋಗಿ ಒಬ್ಬಳೇ ಬೆಂಚಿನ ಮೇಲೆ ಕೂತಳು. ಬಾಲರಾಜು ಅಲ್ಲಿಗೆ ಪುಸ್ತಕ ಮುಚ್ಚಿದ. ಇನ್ನೊಂದೇ ಅಧ್ಯಾಯ ಉಳಿದಿತ್ತು, ಓದುವ ಧೈರ್ಯ ಸಾಲಲಿಲ್ಲ. ಯಾರಿಗೂ ಕಾಣದಂತೆ ಅದನ್ನು ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳ ನಡುವೆ ತುರುಕಿದ. ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆ. ಹುಳ ಹಣ್ಣಾಗಿ ಗೂಡಿಗೆ ಸಿದ್ಧವಾಗುವ ತನಕ ಅದರ ತಂಟೆಗೆ ಯಾರೂ ಹೋಗುವುದಿಲ್ಲ.

ಆ ಸಾಯಂಕಾಲ ಧನುಶ್ರೀ ರೂಮನ್ನೆಲ್ಲ ತಲೆಕೆಳಗು ಮಾಡಿದಳು. ಹಾಸಿಗೆ ಕೊಡವಿದಳು, ಬೀರು ಎಳೆದಳು, ಊಟಕ್ಕೆ ಕರೆದರೆ ಬರಲಿಲ್ಲ.

“ನೋಡ್ದಾ? ಚೈತ್ರಾನೂ ಹಿಂಗೇ ಊಟ ಬುಟ್ಟಿದ್ಲು,” ಎಂದ ಬಾಲರಾಜು.

ಅಂಬುಜಮ್ಮನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. “ಯಾವಳ್ರೀ ಅದು ಚೈತ್ರಾ?”

ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಮಗಳ ರೂಮಿಗೆ ಹೋಗುವುದೇ ಕ್ಷೇಮವೆಂದು ಬಾಲರಾಜು ಎದ್ದುಹೋದ. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

“ಮಗಾ, ನನ್ನ ಅಪ್ಪ ಅನ್ಕೋಬ್ಯಾಡ. ಫ್ರೆಂಡು ಅನ್ಕೊ. ನಿಂಗೇನೋ ಸಮಸ್ಯೆ ಐತೆ, ಅಲ್ವಾ?”

“ಐತೆ,” ಎಂದಳು ಧನುಶ್ರೀ. “ಯಾರೋ ನನ್ ಬುಕ್ ಎತ್ಕೊಂಡ್ಬುಟ್ಟವ್ರೆ.”

“ಅದಲ್ಲ ಕಣವ್ವಾ. ನಿಜವಾದ ಸಮಸ್ಯೆ ಹೇಳು.”

“ಅದೇ ಅಪ್ಪ ನಿಜವಾದ್ ಸಮಸ್ಯೆ! ಲೈಬ್ರರಿ ಬುಕ್ಕು, ಕೊನೇ ಚಾಪ್ಟರ್ ಬಾಕಿ ಇತ್ತು. ನೀನೇನಾದ್ರೂ ನೋಡ್ದಾ?”

“ನಾನ್ಯಾಕ್ ನೋಡ್ಲಿ?” ಎಂದು ಬಾಲರಾಜು ಮರುಕದಿಂದ ತಲೆಯಾಡಿಸಿದ. ಹುಡುಗಿ ವಿಷಯ ಮರೆಸುತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಚೈತ್ರಾ ಕೂಡ ಅಳುವಿನ ಕಾರಣ ಕೇಳಿದಾಗ ಪೆನ್ನು ಕಳೆದಿದೆ ಎಂದೇ ಸುಳ್ಳು ಹೇಳಿದ್ದಳು. ಎಂಥ ವಿಚಿತ್ರ ನೋಡಿ, ಮಗಳು ಬಾಯಿಬಿಟ್ಟು ನಿಜ ಹೇಳಿದಳು, ಅಪ್ಪ ಕಾದಂಬರಿ ಓದಿದ್ದರಿಂದ ನಂಬಲಿಲ್ಲ.

ಇನ್ನು ಹುಡುಗ ಯಾರು ಅನ್ನುವುದೊಂದು ಉಳಿಯಿತು. ಅದಕ್ಕೂ ಹೆಚ್ಚು ಕಾಯಬೇಕಾಗಲಿಲ್ಲ. ಗೂಡು ಸಾಗಿಸುವ ಬಾಬಾಜಾನ್ ಬಾಲರಾಜುವಿನ ಹಳೆಯ ದೋಸ್ತ. ಅವನ ಗೂಡ್ಸ್ ಆಟೋದಲ್ಲಿ ಕೂತು ಚನ್ನಪಟ್ಟಣಕ್ಕೆ ಸುಣ್ಣ ತರಲು ಹೋದಾಗ, ಬಸ್‌ಸ್ಟ್ಯಾಂಡಿನ ಎದುರಿಗೇ ಧನುಶ್ರೀ ಕಂಡಳು. ಅವಳ ಮುಂದೆ ಇಸ್ತ್ರಿ ಶರ್ಟಿನ ಒಬ್ಬ ಯುವಕ. ಅವನು ಎರಡೂ ಕೈ ಜೋಡಿಸಿ ಏನೋ ಬೇಡುತ್ತಿದ್ದಾನೆ, ಇವಳು ಅಳುಮುಖ ಮಾಡಿಕೊಂಡು ತಲೆ ಅಲ್ಲಾಡಿಸುತ್ತಿದ್ದಾಳೆ. ಅವನು ಹಣೆ ಹಣೆ ಚಚ್ಚಿಕೊಂಡ. ಇವಳು ಮೂಗೊರೆಸಿಕೊಂಡಳು.

“ಏಳನೇ ಅಧ್ಯಾಯ! ಚೈತ್ರಾನ್ ಹುಡ್ಗನೂ ಹಿಂಗೇ ಕೈ ಮುಗ್ದಿದ್ದ!” ಎಂದು ಬಾಲರಾಜು ಬಾಬಾಜಾನನ ತೊಡೆ ಹಿಡಿದ.

“ಅಯ್ಯೋ ಬುಡು ಬಾಲಣ್ಣ, ಬ್ರೇಕ್ ಮೇಲೈತೆ ಕಾಲು! ಅವ್ನಾ? ತಿಪ್ಪಸಂದ್ರದ ಬೋರಲಿಂಗಯ್ಯನ ಮಗ ಮಧುಕುಮಾರ್. ಇಲ್ಲೇ ಸೊಸೈಟಿನಾಗೆ ಕೆಲ್ಸ. ಅವ್ರ ಗೂಡು ರಾಮನಗರದ ಮಾರ್ಕೆಟ್ಟಿಗೆ ಎಷ್ಟ್ ಸಲ ಹಾಕಿದೀನಿ. ಒಳ್ಳೇ ಖಾನ್ದಾನ್ ಜನ, ಮರ್ಯಾದಸ್ತರು.”

“ನಡಿ ಹಂಗಾರೆ ತಿಪ್ಪಸಂದ್ರಕ್ಕೆ. ನಾನು ಒಪ್ಕೊಂಡು ಬರಬೇಕು.”

“ಏನ್ ಒಪ್ಕೊಳಾದು?”

“ಅದ ಆಮ್ಯಾಕ್ ಕೇಳಾದು. ಮೊದ್ಲು ಒಪ್ಕೊಳಾದು. ಡಾಕ್ಟರಮ್ಮ ಹೇಳವ್ಳೆ.”

ಬಾಬಾಜಾನ್‌ಗೆ ಏನೂ ತಿಳಿಯಲಿಲ್ಲ. ಆದರೆ ದೊಡ್ಡವರ ಮನೆಗೆ ಬರಿಗೈಲಿ ಹೋಗುವುದು ಬೇಡ ಎಂದು, ಮಾಗಡಿಯಲ್ಲಿ ಗಾಡಿ ನಿಲ್ಲಿಸಿ ಬಾಳೆಹಣ್ಣು, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಕಟ್ಟಿಸಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ, ಪಾಪ.

ತಿಪ್ಪಸಂದ್ರದ ಬೋರಲಿಂಗಯ್ಯನದು ತುಂಬಿದ ಮನೆ. ಹೊಲವಿದೆ, ಹುಳವಿದೆ, ಮಗನಿಗೆ ಕೆಲಸವಿದೆ. ಇಲ್ಲದ್ದು ಒಂದೇ, ಸೊಸೆ. ಹೆಣ್ಣು ಹುಡುಕಿ ಹುಡುಕಿ ಚಪ್ಪಲಿ ಸವೆದಿತ್ತು. ಹಳ್ಳಿ ಮನೆ ಎಂದು ಒಬ್ಬರು, ಹುಳದ ವಾಸನೆ ಎಂದು ಇನ್ನೊಬ್ಬರು ಬೇಡವೆಂದಿದ್ದರು. ಅಂಥ ಮನೆಯ ಜಗಲಿಗೆ ಹಣ್ಣುಕಾಯಿ ಹಿಡಿದ ಒಬ್ಬ ಹೆಣ್ಣು ಹೆತ್ತವನು ತಾನಾಗಿ ನಡೆದು ಬಂದರೆ ಹೇಗಿರಬೇಡ? ಬೋರಲಿಂಗಯ್ಯ ಓಡಿಬಂದು ಚಾಪೆ ಹಾಸಿದ. ಒಳಗಿಂದ ಅವನ ತಾಯಿ ದೊಡ್ಡಲಕ್ಷ್ಮಮ್ಮ ಕೋಲೂರಿಕೊಂಡು ಬಂದು ಎದುರಿಗೇ ಕೂತಳು.

“ನಿಮ್ಮ ಹುಡ್ಗ, ನಮ್ಮ ಹುಡ್ಗಿ ವಿಚಾರ,” ಎಂದ ಬಾಲರಾಜು, ಕಣ್ಣು ಆಗಲೇ ಒದ್ದೆ. “ನಾನು ಒಪ್ಪಿವ್ನಿ.”

ತಾಯಿ ಮಗ ಮುಖ ಮುಖ ನೋಡಿಕೊಂಡರು. “ಹುಡ್ಗನ್ನ ನೋಡಿದ್ರಾ?” ಎಂದ ಬೋರಲಿಂಗಯ್ಯ ಹೆದರುತ್ತಾ.

“ದೂರದಿಂದ ನೋಡ್ದೆ. ಸಾಕು.”

“ಜಾತಕ?”

“ಏನೂ ಕೇಳಾಕಿಲ್ಲ.”

“ಏನಾದ್ರೂ ಬೇಡಿಕೆ?”

“ಒಂದೇ ಬೇಡಿಕೆ. ನಮ್ಮುಡ್ಗಿ ಬ್ಯಾಗ್ ತಕಂಡು ಸ್ಟೇಷನ್ನಿಗೆ ಹೋಗ್ಬಾರ್ದು ಅಷ್ಟೇ,” ಎಂದು ಬಾಲರಾಜು ಟವಲಿನಲ್ಲಿ ಮುಖ ಮುಚ್ಚಿಕೊಂಡ.

ಹೆಣ್ಣು ರೈಲು ಹತ್ತಿ ಓಡಾಡುವುದು ಬೇಡವೆನ್ನುತ್ತಾನೆ, ಸಂಪ್ರದಾಯಸ್ಥ ಮನುಷ್ಯ ಎಂದುಕೊಂಡಳು ದೊಡ್ಡಲಕ್ಷ್ಮಮ್ಮ. ಅವಳು ತಡಮಾಡುವ ಪೈಕಿಯಲ್ಲ. ಇವನು ತಂದ ಎಲೆ ಅಡಿಕೆಯನ್ನು ತಟ್ಟೆಯಲ್ಲಿಟ್ಟಳು, ತನ್ನ ಮನೆಯ ಎಲೆ ಅಡಿಕೆಯನ್ನು ಇನ್ನೊಂದು ತಟ್ಟೆಯಲ್ಲಿಟ್ಟಳು. ಒಂದನ್ನು ಬಾಲರಾಜುವಿನ ಕೈಗೆ, ಇನ್ನೊಂದನ್ನು ಬೋರಲಿಂಗಯ್ಯನ ಕೈಗೆ ಕೊಟ್ಟು, “ಬದಲಾಯ್ಸ್ಕೊಳ್ಳಿ” ಎಂದಳು. ಚೈತ್ರಾಳ ಗುಂಗಿನಲ್ಲಿದ್ದ ಬಾಲರಾಜು ಬದಲಾಯಿಸಿಕೊಂಡ. ಎಲೆಯನ್ನು ಕಣ್ಣಿಗೊತ್ತಿಕೊಂಡ. ಒಳಗಿನ ಹೆಂಗಸರು ಯಾಕೋ ಸೆರಗಿನಲ್ಲಿ ನಗುತ್ತಾ ಸಕ್ಕರೆ ತಂದು ಅವನ ಬಾಯಿಗೇ ಹಾಕಿದರು.

ವಾಪಸ್ ಬರುತ್ತಾ ಮಾಗಡಿ ದಾಟಿ ಸಾವನದುರ್ಗದ ಬಂಡೆ ಕಂಡಾಗ ಬಾಬಾಜಾನ್ ಗಾಡಿಯ ವೇಗ ತಗ್ಗಿಸಿದ. ಆಮೇಲೆ ಮೆಲ್ಲಗೆ ಕೇಳಿದ.

“ಬಾಲಣ್ಣ, ನಿಮ್ಮೋರ ಶಾಸ್ತ್ರ ನಂಗ್ ಸರಿಯಾಗ್ ಗೊತ್ತಿಲ್ಲ. ಆದ್ರೂ ಕೇಳ್ತೀನಿ. ಈ ಎಲೆ ಬದಲಾಯ್ಸೋದು ಮದ್ವೆ ಗಟ್ಟಿ ಆದಾಗ ಅಲ್ವಾ?”

ಬಾಲರಾಜು ಕೈಯಲ್ಲಿದ್ದ ಎಲೆ ನೋಡಿದ. ಬಂಡೆ ನೋಡಿದ. ಮತ್ತೆ ಎಲೆ ನೋಡಿದ. ಅಕ್ಕತಂಗಿಯರ ಮದುವೆಯಲ್ಲಿ ಇವನೇ ಮುಂದೆ ನಿಂತು ವೀಳ್ಯ ಬದಲಾಯಿಸಿದವನು. ಊರಿನ ಎಷ್ಟೋ ಮದುವೆಗಳಲ್ಲಿ, ‘ವೀಳ್ಯ ಬದಲಾಯ್ಸಿದ ಮ್ಯಾಕೆ ಮಾತು ತಪ್ಪಬಾರ್ದು’ ಎಂದು ತೀರ್ಪು ಕೊಟ್ಟವನೂ ಇವನೇ.

“ಗಾಡಿ ನಿಲ್ಸು,” ಎಂದ. ನಿಲ್ಲಿಸಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ, “ನಡಿ” ಎಂದ.

ಮನೆಗೆ ಬಂದು ಎಲೆಯನ್ನು ಹುಳಮನೆಯ ಗೋಡೆಗೂಡಿನಲ್ಲಿ ಬಚ್ಚಿಟ್ಟ. ಅಂಬುಜಮ್ಮನಿಗೆ ಹೇಳಬೇಕು ಎಂದು ಬಾಯಿ ತೆರೆಯುವನು, ಅವಳ ಮುಖ ನೋಡಿ ಆಕಳಿಕೆ ಎಂದು ಮುಚ್ಚುವನು. ಅಷ್ಟರಲ್ಲಿ ಬೋರಲಿಂಗಯ್ಯನ ಫೋನು: “ಬೀಗರೇ, ಭಾನುವಾರ ಹೆಣ್ ನೋಡಾಕೆ ಬತ್ತೀವಿ. ಜಾಸ್ತಿ ಜನ ಇಲ್ಲ, ಒಂದೇ ವ್ಯಾನು.” ಬಾಲರಾಜು ‘ಹೂಂ’ ಅಂದ.

ಭಾನುವಾರ ಬೆಳಿಗ್ಗೆ ಎದ್ದರೆ ಹುಳ ಹಣ್ಣಾಗಿಬಿಟ್ಟಿದೆ! ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆ ಆಡಿಸುತ್ತಾ ಗೂಡು ಕಟ್ಟಲು ಜಾಗ ಹುಡುಕುತ್ತಿವೆ. ಹುಳ ಹಣ್ಣಾದರೆ ರೇಷ್ಮೆ ಸೀಮೆಯಲ್ಲಿ ಮದುವೆ ಮನೆಯವರೂ ಕಂಕಣ ಕಟ್ಟಿಕೊಂಡೇ ಎದ್ದು ಬರುತ್ತಾರೆ. ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಲೇಬೇಕು, ನಾಳೆ ಎಂದರೆ ಬೆಳೆ ಹೋಯಿತು. ಅಂಬುಜಮ್ಮ ಸೆರಗು ಬಿಗಿದಳು, ಧನುಶ್ರೀ ಹಳೆ ನೈಟಿ ಹಾಕಿಕೊಂಡು ಇಳಿದಳು, ಪಕ್ಕದ ಮನೆಯವಳೂ ಕೈಜೋಡಿಸಿದಳು. ಸರಿಯಾಗಿ ಆಗಲೇ ಬೀದಿಯಲ್ಲಿ ವ್ಯಾನಿನ ಹಾರನ್ನು.

“ಯಾರ್ರೀ ಅವ್ರು, ಇಷ್ಟೊಂದ್ ಜನ?” ಎಂದಳು ಅಂಬುಜಮ್ಮ.

“ಅದು... ಧನುಶ್ರೀನ ನೋಡಾಕೆ ಬಂದವ್ರೆ. ನೋಡಾಕೆ ಅಂತಲ್ಲ, ವೀಳ್ಯ ಆಗೋಗೈತೆ,” ಎಂದ ಬಾಲರಾಜು ಒಂದೇ ಉಸಿರಿಗೆ.

ಅಂಬುಜಮ್ಮನ ಬಾಯಿಂದ ಹೊರಟದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದು ಮುಗಿಯುವ ಮೊದಲೇ ದೊಡ್ಡಲಕ್ಷ್ಮಮ್ಮ ಅಂಗಳಕ್ಕೆ ಬಂದಿದ್ದಳು. ಹುಳಮನೆಯೊಳಕ್ಕೆ ಒಮ್ಮೆ ಕಣ್ಣು ಹಾಯಿಸಿದಳು, ಕೋಲನ್ನು ಮೂಲೆಗೆಸೆದಳು.

“ಏನ್ ನಿಂತ್ಕಂಡ್ ನೋಡ್ತೀರ್ಲಾ? ಹುಳ ಹಣ್ಣಾಗವೆ. ಕೈಕಾಲ್ ತೊಳ್ಕಂಡು ಬನ್ನಿ. ಹೆಣ್ಣು ಎಲ್ಲೂ ಓಡೋಗಾಕಿಲ್ಲ, ಹುಳ ಓಡೋಗ್ತವೆ!”

ವ್ಯಾನು ತುಂಬ ಬಂದಿದ್ದ ಜನವೆಲ್ಲ ರೇಷ್ಮೆ ಸೀರೆ ಮಡಿಚಿ ಕಟ್ಟಿ, ಬಿಳಿ ಪಂಚೆ ಎತ್ತಿ ಕಟ್ಟಿ ಹುಳ ಆರಿಸಲು ಕೂತರು. ಹೆಣ್ಣು ಯಾರು, ಹೆಣ್ಣಿನ ಪಕ್ಕದ ಮನೆಯವಳು ಯಾರು ಎಂದು ಗುರುತು ಹಿಡಿಯುವವರಿಲ್ಲ. “ಮಧೂ, ಆ ಚಂದ್ರಿಕೆ ಎತ್ಕಂಡ್ ಬಾ!” ಎಂದು ಅಜ್ಜಿ ಕೂಗಿದಳು. ಮಧುಕುಮಾರ್ ಹೋಗಿ ಗೋಡೆಗೊರಗಿದ್ದ ಚಂದ್ರಿಕೆ ಎಳೆದ. ಹಳದಿ ರಟ್ಟಿನ ಪುಸ್ತಕ ದೊಪ್ಪನೆ ಅವನ ಕಾಲ ಮೇಲೆ ಬಿತ್ತು.

“ನನ್ ಬುಕ್ಕು!” ಎಂದು ಧನುಶ್ರೀ ಕಿರುಚಿದಳು.

“ಧನುಶ್ರೀ ಅವರೇ, ನೀವಾ?” ಎಂದ ಮಧುಕುಮಾರ್, ಪುಸ್ತಕವನ್ನು ಎದೆಗೆ ಅವುಚಿಕೊಂಡು. “ಕಳೆದೋಯ್ತು ಅಂದ್ರಿ! ನಿಮ್ ಆದ್ಮೇಲೆ ನಂದೇ ಪಾಳಿ ಅಂತ ಲೈಬ್ರರಿಯಲ್ಲಿ ಹೆಸ್ರು ಕೊಟ್ಟು ಕಾಯ್ತಾ ಇದೀನಿ. ಬಸ್‌ಸ್ಟ್ಯಾಂಡಲ್ಲಿ ಕೈ ಮುಗಿದು ಕೇಳ್ಕೊಂಡ್ನಲ್ರೀ!”

“ಕೊಡ್ರೀ ಇಲ್ಲಿ. ನಂಗೆ ಇನ್ನೂ ಒಂದ್ ಚಾಪ್ಟರ್ ಐತೆ. ಇದು ಇಲ್ಲಿಗೆ ಹೆಂಗ್ ಬಂತು?”

ಹುಳಮನೆಯಲ್ಲಿ ಎಲ್ಲರ ಕಣ್ಣೂ ಬಾಲರಾಜುವಿನ ಕಡೆಗೆ ತಿರುಗಿತು. ಬಾಲರಾಜು ಕೈಯಲ್ಲಿದ್ದ ಒಂದು ಹುಳವನ್ನೇ ನೋಡುತ್ತಾ ನಿಂತ. ಆಮೇಲೆ ಎಲ್ಲವನ್ನೂ ಹೇಳಿದ. ಬಾಗಿಲ ಸಂದಿ, ಚೈತ್ರಾ, ಡಾಕ್ಟರಮ್ಮ, ಏಳನೇ ಅಧ್ಯಾಯ, ಎಲೆ.

“ಪ್ರೀತಿನಾ?” ಎಂದು ಧನುಶ್ರೀ ಬಾಯಿಬಿಟ್ಟಳು. “ಇವ್ರ ಊರು ಯಾವ್ದು ಅಂತಾನೇ ನಂಗೊತ್ತಿಲ್ಲ! ಅಪ್ಪ, ಬುಕ್ ಕಳೆದೋಗೈತೆ ಅಂತ ಬಾಯ್ಬುಟ್ಟು ಹೇಳ್ದೆ ನಿಂಗೆ. ನೋಡೇ ಇಲ್ಲ ಅಂದೆ. ಕಥೆ ಹುಡ್ಗಿಗೆ ಏನಾಯ್ತೋ ಅಂತ ನಂಗೆ ಊಟ ಸೇರ್ತಿರ್ನಿಲ್ಲ. ನೀನು ಕದ್ದು ಓದಿದ್ದೂ ಅಲ್ದೆ ನನ್ನನ್ನ ತಿಪ್ಪಸಂದ್ರಕ್ಕೆ ಕೊಡ್ತೀನಿ ಅಂತ ಮಾತು ಕೊಟ್ಟು ಬಂದಿದೀಯಾ? ನಂಗೀಗ ಮದ್ವೆ ಬ್ಯಾಡ. ಸಿ.ಎ. ಕಟ್ಟಬೇಕು ಅಂತಿದೀನಿ, ಹೇಳಾಣ ಅಂದ್ರೆ ಬರೀ ಫ್ರೆಂಡು ಫ್ರೆಂಡು ಅಂತ ಬಾಗ್ಲಲ್ಲಿ ನಿಂತ್ಕತೀಯ!”

ಬೋರಲಿಂಗಯ್ಯನ ಮುಖ ಕಪ್ಪಿಟ್ಟಿತು. ಮಗನ ಕಡೆ ನೋಡಿದ. “ನನ್ನನ್ನೂ ಯಾರೂ ಕೇಳ್ನಿಲ್ಲಪ್ಪ,” ಎಂದ ಮಧುಕುಮಾರ್. “‘ಎಲ್ಲ ಗಟ್ಟಿಯಾಗೈತೆ, ಸುಮ್ನೆ ವ್ಯಾನ್ ಹತ್ತು’ ಅಂದ್ರಿ, ಹತ್ತಿದೆ.”

“ನಮ್ಮನೆಗೆ ಯಾರೂ ಹೆಣ್ ಕೊಡ್ನಿಲ್ಲ,” ಎಂದ ಬೋರಲಿಂಗಯ್ಯ, ಸಣ್ಣ ದನಿಯಲ್ಲಿ. “ನೀವಾಗೇ ಬಂದ್ರಿ. ಊರಿಗೆಲ್ಲ ಸಕ್ಕರೆ ಹಂಚಿದೆ ಬಾಲರಾಜಣ್ಣ. ವೀಳ್ಯ ಸುಳ್ಳಾ?”

ಬಾಗಿಲಲ್ಲಿ ಊರವರು ಸೇರಿದ್ದರು. ಈ ಬಾಲರಾಜುವಿನಿಂದಲೇ ‘ಮಾತು ತಪ್ಪಬಾರ್ದು’ ಎಂದು ಬುದ್ಧಿ ಹೇಳಿಸಿಕೊಂಡವರು ಅವರಲ್ಲಿ ಬಹಳ ಮಂದಿ. ಅವನು ಮಗಳ ಮುಖ ನೋಡಿದ. ಹುಡುಗಿ ಅವನನ್ನೇ ನೋಡುತ್ತಿದ್ದಳು. ಬಾಲರಾಜು ಗೋಡೆಗೂಡಿನಿಂದ ಆ ಒಣಗಿದ ಎಲೆ ತೆಗೆದು, ಎಲ್ಲರೆದುರಿಗೆ ಎರಡೂ ಕೈಯಲ್ಲಿ ಚಾಚಿದ.

“ವೀಳ್ಯ ಸುಳ್ಳಲ್ಲ. ನಾನು ಸುಳ್ಳ. ಅವ್ಳನ್ನ ಒಂದ್ ಮಾತು ಕೇಳ್ದೆ ಒಪ್ಕೊಂಬುಟ್ಟೆ. ನನ್ನ ಬಯ್ರಿ, ಉಗೀರಿ. ಮಗ್ಳಿಗೆ ಏನೂ ಅನ್ಬ್ಯಾಡಿ. ಎಲೆ ವಾಪಸ್ ಈಸ್ಕೊಳ್ಳಿ.” ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ದೊಡ್ಡಲಕ್ಷ್ಮಮ್ಮ ಒಂದು ಹುಳವನ್ನು ಚಂದ್ರಿಕೆಗೆ ಬಿಟ್ಟಳು, ಇನ್ನೊಂದನ್ನು ಬಿಟ್ಟಳು, ಆಮೇಲೆ ಎದ್ದು ಬಂದು ಎಲೆ ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬೋರ, ಮುಖ ಊದಿಸ್ಕೋಬ್ಯಾಡ. ಬ್ಯಾಡ ಅನ್ನಾಕೂ ಬಾಯಿರೋ ಹೆಣ್ಣು, ಮೊದ್ಲೇ ಅಂದ್ಲು. ಮದ್ವೆ ಆದ್ಮ್ಯಾಕೆ ಅಂದಿದ್ರೆ ಏನ್ ಮಾಡ್ತಿದ್ದೆ? ಹುಳ ನೋಡು ಮೊದ್ಲು.” ಆಮೇಲೆ ಧನುಶ್ರೀ ಕಡೆ ತಿರುಗಿದಳು. “ಅದಿರ್ಲಿ ಕಣವ್ವ, ಆ ಮಗು ಸ್ಟೇಷನ್‌ನಾಗೆ ಒಬ್ಳೇ ಕೂತವ್ಳೆ ಅಂದ್ನಲ್ಲ ನಿಮ್ಮಪ್ಪ. ಏನಾದ್ಲು? ಓದು, ಕೇಳಾಣ. ನಮ್ಮ ಮಧುನೂ ಕೇಳ್ಲಿ, ಕಾದವ್ನೆ.”

ಧನುಶ್ರೀ ಕೈ ಒರೆಸಿಕೊಂಡು ಹೊಸ್ತಿಲಲ್ಲಿ ಕೂತು ಓದಿದಳು. ಕೊನೇ ಅಧ್ಯಾಯದಲ್ಲಿ ಆ ಕುಡುಕ ಅಪ್ಪ ಸ್ಟೇಷನ್ನಿಗೆ ಬಂದ. ಏನೂ ಕೇಳಲಿಲ್ಲ, ಬೆಂಚಿನ ತುದಿಯಲ್ಲಿ ಕೂತ. ರೈಲು ಬಂತು, ಹೋಯಿತು. ಇಬ್ಬರೂ ಕೂತೇ ಇದ್ದರು. ದೊಡ್ಡಲಕ್ಷ್ಮಮ್ಮ ಮೂಗೊರೆಸಿಕೊಂಡಳು. ಬೋರಲಿಂಗಯ್ಯ ಹುಳ ಆರಿಸುವುದನ್ನು ನಿಲ್ಲಿಸಿದ್ದಕ್ಕೆ ತಾಯಿಯಿಂದ ಬೈಸಿಕೊಂಡ. ಬಾಲರಾಜು ಕಥೆಯ ಅರ್ಧವನ್ನೂ ಕೇಳಲಿಲ್ಲ, ಹುಳಮನೆಯಲ್ಲಿ ಮತ್ತೆ ಕೇಳಿಬಂದ ಮಗಳ ದನಿಯೊಂದೇ ಅವನಿಗೆ ಸಾಕಾಗಿತ್ತು.

ಹೊರಡುವಾಗ ದೊಡ್ಡಲಕ್ಷ್ಮಮ್ಮ, “ಗೂಡು ಬಿಡ್ಸೋ ದಿನ ಹೇಳಿ ಕಳ್ಸಿ, ಬತ್ತೀವಿ,” ಎಂದಳು. ಅಂಬುಜಮ್ಮ ಮಾತ್ರ ಗಂಡನ ಜೊತೆ ಮಾತು ಬಿಟ್ಟಳು. ಅದು ಇನ್ನೊಂದು ಕಥೆ, ಅದರ ಸಮಸ್ಯೆ ಏನೆಂದು ಬಾಲರಾಜುವಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಸಾಯಂಕಾಲ ಬಸ್ಸು ಬಂತು. ಬಾಲರಾಜು ಚಂದ್ರಿಕೆಗಳ ಮಧ್ಯೆ ಬಾಯಿ ಬಿಗಿದುಕೊಂಡು ನಿಂತಿದ್ದ. ಧನುಶ್ರೀ ಹೊಸ್ತಿಲಲ್ಲಿ ಬಂದು ಕೂತಳು. ಅವನು ಕೆಮ್ಮಲೂ ಇಲ್ಲ.

“ಅಪ್ಪ, ಇವತ್ತು ಬಸ್ಸಲ್ಲಿ ಏನಾಯ್ತು ಗೊತ್ತಾ?” ಎಂದು ಅವಳು ಶುರುಮಾಡಿದಳು. ಕಂಡಕ್ಟರನ ಜಗಳದಿಂದ ಹಿಡಿದು ಸಿ.ಎ. ಪರೀಕ್ಷೆಯ ತನಕ ಹೇಳಿದಳು. ಬಾಲರಾಜು ಹೂಂಗುಟ್ಟುತ್ತಾ ನಿಂತ. ಅವಳ ಬ್ಯಾಗಿನಿಂದ ನೀಲಿ ರಟ್ಟಿನ ಹೊಸ ಪುಸ್ತಕವೊಂದು ಇಣುಕುತ್ತಿತ್ತು. ಅದರ ಮೇಲೆ ಲೈಬ್ರರಿಯ ಚೀಟಿ ಇರಲಿಲ್ಲ. ಯಾರು ಕೊಟ್ಟರು ಎಂಬ ಪ್ರಶ್ನೆ ಬಾಲರಾಜುವಿನ ನಾಲಿಗೆಯ ತುದಿಗೆ ಬಂತು, ಅದನ್ನು ಕಷ್ಟಪಟ್ಟು ನುಂಗಿದ. ಬೇರೆಯದನ್ನು ಕೇಳಿದ.

“ಇದ್ರಾಗೆ ಅಪ್ಪ ಹೆಂಗವ್ನೆ ಮಗಾ?”

“ಮೊದಲ್ನೇ ಪೇಜಲ್ಲೇ ಸತ್ತೋಗವ್ನೆ.”

“ಸದ್ಯ,” ಎಂದ ಬಾಲರಾಜು, “ಬದುಕ್ಕೊಂಡ.”